ಎರಡು ಪುಟಕ್ಕೊಂದು ಮುನ್ನುಡಿ

ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಶೇಖ್ ಅಬ್ದುಲ್ ಮೌಗೂದರ ಪಕ್ಕದ ಮರದ ಕುರ್ಚಿ ಯಾರದ್ದು ಎಂದು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಆದರೆ ಅಲ್-ಅಝ್ಹರ್ ಮಸೀದಿಯ ಹಿಂದಿನ ಪುಸ್ತಕದ ಗಲ್ಲಿಯಲ್ಲಿ ಮಲಗುವ ಬೆಕ್ಕುಗಳಿಗೂ ಗೊತ್ತಿತ್ತು, ಅದು ವಗ್ದಿಯದ್ದು. ಪಾಠ ಮುಗಿದು ಉಳಿದ ಶಿಷ್ಯರೆಲ್ಲ ಮಸೀದಿಯ ಬಾಗಿಲಲ್ಲಿ ಚಪ್ಪಲಿ ಹುಡುಕುವಾಗ ವಗ್ದಿ ಆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದ. ಹಳೇ ಸಿನಿಮಾದ ಜಮೀನ್ದಾರ ಪಾಶಾನ ಹಾಗೆ ಒಂದು ಹುಬ್ಬು ಮೇಲೇರಿಸಿ, "ನಾನು ಬದುಕಿರೋ ತನಕ ಈ ಮದುವೆ ನಡೆಯೋಲ್ಲ!" ಎಂದು ಗುಡುಗುತ್ತಿದ್ದ. ಮುದುಕ ಶೇಖರು ಹಲ್ಲಿಲ್ಲದ ಬಾಯಿ ತೆರೆದು, ಕಣ್ಣೊರೆಸಿಕೊಳ್ಳುವಷ್ಟು ನಗುತ್ತಿದ್ದರು.

ಅಂಥ ಕುರ್ಚಿಯಲ್ಲಿ ಆ ದಿನ ಹಿಫ್ನಿ ಕೂತಿದ್ದ.

ಹಿಫ್ನಿಯೂ ವಗ್ದಿಯೂ ಒಂದೇ ವರ್ಷ ಶೇಖರ ಹತ್ತಿರ ಸೇರಿದವರು. ಅಷ್ಟು ಬಿಟ್ಟರೆ ಇಬ್ಬರಿಗೂ ಸಂಬಂಧವೇ ಇಲ್ಲ. ವಗ್ದಿಯ ಹೆಸರಿನಲ್ಲಿ ಹನ್ನೊಂದು ಪುಸ್ತಕಗಳಿದ್ದವು. ಉಪವಾಸದ ಬಗ್ಗೆ ಒಂದು, ಅತ್ತೆ-ಸೊಸೆ ಬಗ್ಗೆ ಒಂದು, ಫೋನಿನಲ್ಲಿ ಸಲಾಂ ಹೇಳುವ ರೀತಿಯ ಬಗ್ಗೆಯೂ ಒಂದು. ಹಿಫ್ನಿಯ ಹೆಸರಿನಲ್ಲಿ ಒಂದು ಕರಪತ್ರವೂ ಇರಲಿಲ್ಲ. ಅವನಿಗೆ ಇದ್ದದ್ದು ಒಂದು ಪೆನ್ಸಿಲು, ಮೂಗಿನಲ್ಲಿ ಬರುವ ದನಿ, ಮತ್ತು ಸದಾ ಬೀಟ್‌ರೂಟ್ ಬೆರೆಸಿದ ಟರ್ನಿಪ್ ಉಪ್ಪಿನಕಾಯಿ ತಿಂದು ಗುಲಾಬಿ ಬಣ್ಣಕ್ಕೆ ತಿರುಗಿದ ಬೆರಳುಗಳು. ಅಂಥವನು ಈಗ ಮೊಣಕಾಲ ಮೇಲೆ ಒಂದು ಕಟ್ಟು ಹಾಳೆ ಇಟ್ಟುಕೊಂಡು ಮೂಗಿನಲ್ಲೇ ಓದುತ್ತಿದ್ದ. ಶೇಖರು ಕಣ್ಣು ಮುಚ್ಚಿ ಕೇಳುತ್ತಿದ್ದರು. ನಗುತ್ತಿರಲಿಲ್ಲ. ನಗುವುದಕ್ಕಿಂತಲೂ ಹೆಚ್ಚಿನದೇನೋ ಅವರ ಮುಖದ ಮೇಲಿತ್ತು. ವಗ್ದಿಗೆ ಚುಚ್ಚಿದ್ದು ಅದೇ.

"ಬಂದ್ಯಾ ವಗ್ದಿ? ಅಲ್ಲೇ ಚಾಪೆ ಮೇಲೆ ಕೂತ್ಕೋ," ಎಂದರು ಶೇಖರು, ಕಣ್ಣು ತೆರೆಯದೆ.

ಹೀರೋನನ್ನು ಚಾಪೆ ಮೇಲೆ ಕೂರಿಸಿ ಸೈಡ್ ಆ್ಯಕ್ಟರ್‌ಗೆ ಕುರ್ಚಿ! ವಗ್ದಿ ನುಂಗಿಕೊಂಡ. ಬಗಲಲ್ಲಿದ್ದ ಹೊಸ ಪುಸ್ತಕದ ಪ್ರೂಫನ್ನು ಮುಂದೆ ಚಾಚಿದ.

"ಮೌಲಾನಾ, ಹನ್ನೆರಡನೇದು. ಈ ಸಲವಾದ್ರೂ ನಾಕು ಸಾಲು ಬರೆದು ಕೊಡಿ."

ಈ ನಾಲ್ಕು ಸಾಲಿಗಾಗಿ ಅವನು ಹನ್ನೊಂದು ಸಲ ಕೈ ಚಾಚಿದ್ದ. ಆ ಗಲ್ಲಿಯಲ್ಲಿ ಪುಸ್ತಕ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಆದರೆ ಗುರುವಿನ ಮುನ್ನುಡಿ ಇದ್ದರೆ ಮಾತ್ರ ಅದು ಪುಸ್ತಕ, ಇಲ್ಲದಿದ್ದರೆ ಫಲಾಫೆಲ್ ವಡೆ ಸುತ್ತುವ ಕಾಗದ ಎಂದು ಹಿರಿಯರು ಮೂಗು ಮುರಿಯುತ್ತಿದ್ದರು. ಶೇಖ್ ಅಬ್ದುಲ್ ಮೌಗೂದರು ಇಡೀ ಆಯುಷ್ಯದಲ್ಲಿ ಬರೆದುಕೊಟ್ಟದ್ದು ನಾಲ್ಕೇ ಮುನ್ನುಡಿ. ಆ ನಾಲ್ವರೂ ಈಗ ದೊಡ್ಡ ದೊಡ್ಡ ಪೇಟ ಸುತ್ತಿಕೊಂಡು ಓಡಾಡುತ್ತಿದ್ದರು. ಐದನೆಯವನು ತಾನೇ ಆಗಬೇಕು. ವಗ್ದಿಗೆ ಪ್ರಪಂಚದಲ್ಲಿ ಬೇಕಾಗಿದ್ದದ್ದು ಅದೊಂದೇ.

ಶೇಖರು ಎಂದಿನಂತೆ ಬೆರಳು ಮಡಿಸಲು ಶುರುಮಾಡಿದರು. "ಪುಸ್ತಕ ಬರೆಯೋಕೆ ಹಿರಿಯರು ಹೇಳಿದ್ದು ಏಳೇ ಕಾರಣ. ಯಾರೂ ಹೇಳದೇ ಇದ್ದದ್ದನ್ನ ಹೇಳೋದು. ಅರ್ಧಕ್ಕೆ ನಿಂತದ್ದನ್ನ ಮುಗಿಸೋದು. ಕಷ್ಟವಾದದ್ದನ್ನ ಬಿಡಿಸೋದು. ಉದ್ದ ಇದ್ದದ್ದನ್ನ ಮೊಟಕು ಮಾಡೋದು. ಚೆದುರಿದ್ದನ್ನ ಒಂದ್ಕಡೆ ಸೇರಿಸೋದು. ಕಲಸಿಹೋದದ್ದನ್ನ ಬೇರ್ಪಡಿಸೋದು. ಕೊನೇದು, ತಪ್ಪನ್ನ ತಿದ್ದೋದು. ನಿಂದು ಯಾವ್ದಪ್ಪಾ?"

"ಎಂಟನೇದು ಮೌಲಾನಾ. ಪುಸ್ತಕ ಮೇಳ ಹತ್ರ ಬಂತು."

ಬೇರೆ ದಿನವಾಗಿದ್ದರೆ ನಗುತ್ತಿದ್ದರು. ಆ ದಿನ ಸುಮ್ಮನೆ ಕೈ ಎತ್ತಿ ಹಿಫ್ನಿಗೆ, "ಮುಂದೆ ಓದಪ್ಪಾ," ಎಂದರು. ಹಿಫ್ನಿ ಪೆನ್ಸಿಲಿನ ತುದಿಗೆ ಉಫ್ ಎಂದು ಊದಿದ. ಓದಿದ.

ಹೊರಗೆ ಬರುವಾಗ ವಗ್ದಿ ಅವನ ತೋಳು ಹಿಡಿದ. "ಏನೋ ಅದು, ಅಷ್ಟು ಸೀರಿಯಸ್ಸಾಗಿ?"

"ಏನಿಲ್ಲ ಕಣೋ. ಹಳೇದೊಂದು."

"ಹಳೇದು ಅಂದ್ರೆ?"

"ಹಳೇದು ಅಂದ್ರೆ ಹಳೇದು." ಹಿಫ್ನಿ ಹಾಳೆಗಳನ್ನು ಎದೆಗವುಚಿಕೊಂಡ. ಆದರೆ ಮೇಲಿನ ಹಾಳೆಯ ಮೊದಲ ಸಾಲನ್ನು ವಗ್ದಿಯ ಕಣ್ಣು ಆಗಲೇ ಕಿತ್ತುಕೊಂಡಾಗಿತ್ತು. ದುಮ್ಯಾತ್ ಊರಿನ ಒಬ್ಬ ಖಾಜಿ ಮುನ್ನೂರು ವರ್ಷದ ಹಿಂದೆ ಬರೆದ ಸಣ್ಣ ಹೊತ್ತಗೆ, ತಬ್ಬಲಿ ಮಕ್ಕಳ ಆಸ್ತಿ ನೋಡಿಕೊಳ್ಳುವವರ ಬಗ್ಗೆ.

ಆ ರಾತ್ರಿ ಊಟ ಸೇರಲಿಲ್ಲ. ಹೊಟ್ಟೆಯಲ್ಲಿ ಜಾಗವಿರಲಿಲ್ಲ, ಉರಿಯೇ ತುಂಬಿತ್ತು. ಕಣ್ಣು ಮುಚ್ಚಿದರೆ ಒಂದೇ ದೃಶ್ಯ: ಹಿಫ್ನಿಯ ಪುಸ್ತಕ, ಹಸಿರು ರಟ್ಟು, ಬಂಗಾರದ ಅಕ್ಷರ, ಒಳಗೆ ಶೇಖರ ಮುನ್ನುಡಿ, ಹಿನ್ನೆಲೆಯಲ್ಲಿ ಪಿಟೀಲು. ಬೆಳಗಾಗುವ ಹೊತ್ತಿಗೆ ಕಥೆಯ ದ್ವಿತೀಯಾರ್ಧ ವಗ್ದಿಯ ತಲೆಯಲ್ಲಿ ಸಿದ್ಧವಾಗಿತ್ತು. ಹಿಫ್ನಿ ಆಮೆ. ವರ್ಷಗಟ್ಟಲೆ ಪೆನ್ಸಿಲು ಊದುತ್ತಾನೆ. ಅಷ್ಟರಲ್ಲಿ ಅದೇ ಹೊತ್ತಗೆಯನ್ನು ತಾನು ಅಚ್ಚು ಹಾಕಿಸಿದರೆ? ಯಾರೂ ಅಚ್ಚು ಹಾಕದ್ದನ್ನು ಅಚ್ಚು ಹಾಕುವುದು ಏಳರಲ್ಲಿ ಒಂದು ಕಾರಣ ಆಗಲೇಬೇಕು. ಶೇಖರು ಬರೆಯದೆ ಎಲ್ಲಿ ಹೋಗುತ್ತಾರೆ?

ಹಸ್ತಪ್ರತಿಗಳ ಭಂಡಾರದಲ್ಲಿ ಹುಡುಕಿದಾಗ ಆ ಹೊತ್ತಗೆಯ ಒಂದು ಪ್ರತಿ ಸಿಕ್ಕಿತು. ಅದರ ಚಿತ್ರ ತೆಗೆಸಿಕೊಂಡ. ಬೇರೆ ಊರಲ್ಲಿ ಇನ್ನೊಂದು ಇದೆಯೋ ಎಂದು ಕೇಳುವ ಗೋಜಿಗೆ ಹೋಗಲಿಲ್ಲ. ನಕಲು ಮಾಡಿದ, ಅಡಿಟಿಪ್ಪಣಿ ಜೋಡಿಸಿದ. ಉಳಿದದ್ದು ಮುಕಾಬಲೆ ಒಂದೇ, ಅಂದರೆ ಮೂಲದ ಜೊತೆ ತಾಳೆ ನೋಡುವುದು.

ಮುಕಾಬಲೆ ಒಬ್ಬರ ಕೆಲಸವಲ್ಲ. ಒಬ್ಬ ನಕಲನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಮೂಲದ ಮೇಲೆ ಬೆರಳಿಟ್ಟು ಸಾಗಬೇಕು. ಬೆರಳು ಎಡವಿದಲ್ಲಿ ನಿಲ್ಲಿಸಿ ಕೇಳಬೇಕು. ಸಾವಿರ ವರ್ಷದಿಂದ ಹಾಗೆಯೇ. ಆದರೆ ವಗ್ದಿಗೆ ಇನ್ನೊಬ್ಬನನ್ನು ಕರೆದರೆ ಸುದ್ದಿ ಹಿಫ್ನಿಗೆ ಮುಟ್ಟುತ್ತದೆಂಬ ಭಯ. ಅದಕ್ಕೆ ಫೋನಿನಲ್ಲಿ ತಾನೇ ಓದಿ ರೆಕಾರ್ಡ್ ಮಾಡಿಕೊಂಡ. ಆಮೇಲೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತಾನೇ ಕೇಳುತ್ತಾ ಮೂಲ ನೋಡಿದ. ಡಬಲ್ ರೋಲ್! ಅಣ್ಣನೂ ತಾನೇ, ತಮ್ಮನೂ ತಾನೇ. ತನ್ನ ಜಾಣತನಕ್ಕೆ ತಾನೇ ಸೀಟಿ ಹೊಡೆದ.

ಕೊನೆಯ ಪುಟದ ಕೆಳಗಿನ ಎಡ ಮೂಲೆಯಲ್ಲಿ ಒಂದು ಒಂಟಿ ಪದ ಓರೆಯಾಗಿ ಕೂತಿತ್ತು: "ಆಮೇಲೆ." ಯಾವನೋ ಓದುಗ ಗೀಚಿದ್ದು ಎಂದುಕೊಂಡು ಬಿಟ್ಟ. ಎದುರಿಗೆ ಇನ್ನೊಬ್ಬ ಕೂತಿದ್ದರೆ "ಇದೇನು?" ಎಂದು ಕೇಳುತ್ತಿದ್ದ. ಇಯರ್‌ಫೋನ್ ಏನನ್ನೂ ಕೇಳಲಿಲ್ಲ.

ಜನವರಿಯ ಮೇಳಕ್ಕೆ ಪುಸ್ತಕ ಬಂತು. ಹಸಿರು ರಟ್ಟು, ಬಂಗಾರದ ಅಕ್ಷರ, ಖಾಜಿಯ ಹೆಸರಿಗಿಂತ ಎರಡು ಪಟ್ಟು ದಪ್ಪಗೆ ವಗ್ದಿಯ ಹೆಸರು. ಪ್ರಕಾಶಕ ಹಾಜ್ ಬಯ್ಯೂಮಿ ಮಳಿಗೆಯ ಮುಂದೆಯೇ ಗೋಪುರದಂತೆ ಪೇರಿಸಿಟ್ಟ. ಶೇಖರಿಗೆ ಒಂದು ಪ್ರತಿ ಕೊಟ್ಟಾಗ ಅವರು ಅದನ್ನು ಮುಟ್ಟಿ ನೋಡಿ, "ಯಾರ ಜೊತೆ ಮುಕಾಬಲೆ ಮಾಡ್ದೆ?" ಎಂದಷ್ಟೇ ಕೇಳಿದರು. "ನನ್ನ ಜೊತೆ ಮೌಲಾನಾ," ಎಂದ ವಗ್ದಿ. ಅವರು ಪುಸ್ತಕವನ್ನು ಪಕ್ಕಕ್ಕಿಟ್ಟರು. ಮುನ್ನುಡಿಯ ಮಾತು ಎತ್ತಲೇ ಇಲ್ಲ.

ಹೋಗಲಿ, ಹಿಫ್ನಿಯ ಮುಖವನ್ನಾದರೂ ನೋಡಬೇಕಲ್ಲ! ಹೊಟ್ಟೆಕಿಚ್ಚಿನ ಸುಖ ಅರ್ಧ ಅಲ್ಲೇ ಇರುವುದು. ಹಿಫ್ನಿ ಮೇಳಕ್ಕೆ ಬಂದ, ಸಾಲಿನಲ್ಲಿ ನಿಂತ, ಒಂದು ಪ್ರತಿ ಕೊಂಡ. "ಮುಬಾರಕ್ ಕಣೋ," ಎಂದ. ಮುಖದಲ್ಲಿ ಏನೂ ಇಲ್ಲ. ಬೆರಳ ತುದಿಯಲ್ಲಿ ಗುಲಾಬಿ ಬಣ್ಣ, ಅಷ್ಟೇ. ಅಳಲಿಲ್ಲ, ಕೂಗಾಡಲಿಲ್ಲ, ಒಂದು ಕೆಟ್ಟ ಡೈಲಾಗಾದರೂ ಹೊಡೆಯಲಿಲ್ಲ. ಗೆದ್ದವನು ವಗ್ದಿ, ಆದರೂ ಹೊಟ್ಟೆ ಉರಿದದ್ದು ವಗ್ದಿಗೇ. ಇವನಿಗೆ ಯಾಕೆ ಉರಿಯುವುದಿಲ್ಲ? ಅದನ್ನೂ ಇವನು ನನಗಿಂತ ಚೆನ್ನಾಗಿ ಮಾಡಬೇಕೇ?

ಮೇಳ ಮುಗಿದ ಮೇಲೆ ಒಂದು ಮಧ್ಯಾಹ್ನ ಬಯ್ಯೂಮಿಯ ಅಂಗಡಿಯಲ್ಲಿ ಚಹಾ ಕುಡಿಯುತ್ತಾ ವಗ್ದಿ ತನ್ನ ಪುಸ್ತಕದ ಬಗ್ಗೆ ತಾನೇ ಭಾಷಣ ಮಾಡುತ್ತಿದ್ದ. ಹಿಫ್ನಿ ಒಳಗಿನ ಕಪಾಟಿನಲ್ಲಿ ಏನೋ ಹುಡುಕುತ್ತಿದ್ದ. ಆಗ ದಪ್ಪ ಮೀಸೆಯವನೊಬ್ಬ ತಟ್ಟೆ ತುಂಬ ಬಸ್ಬೂಸಾ ಹಿಡಿದು ಬಂದ.

"ಉಸ್ತಾದ್ ವಗ್ದಿ ಅಂದ್ರೆ ನೀವೇನಾ? ನಾನು ಅಶ್ಮಾವಿ, ಶುಬ್ರಾದಲ್ಲಿ ಪರದೆ ಅಂಗಡಿ. ಬಾಯಿ ತೆಗೀರಿ, ಮೊದ್ಲು ಸಿಹಿ!"

"ಏನು ವಿಶೇಷ, ಸಾಹೇಬ್ರೇ?" ಬಾಯಿ ತುಂಬಿಕೊಂಡೇ ಕೇಳಿದ ವಗ್ದಿ.

"ನಮ್ಮಣ್ಣ ತೀರಿಹೋಗಿ ಎರಡು ವರ್ಷ ಆಯ್ತು. ಒಬ್ಳು ಮಗಳು, ಸಣ್ಣವಳು, ನಾನೇ ನೋಡ್ಕೋಬೇಕು. ಅವಳ ಪಾಲಿನ ಮನೆಯನ್ನ ಸರಿಯಾದ ಬೆಲೆ ಕೊಟ್ಟು ನಾನೇ ಕೊಂಡ್ಕೋಬಹುದಾ ಅಂತ ಮೂರು ಶೇಖ್‌ಗಳನ್ನ ಕೇಳ್ದೆ. ಮೂವರೂ ಬೇಡ ಅಂದ್ರು. ನಿಮ್ಮ ಪುಸ್ತಕ ನೋಡಿ, ಖಾಜಿ ಎಷ್ಟು ಸ್ಪಷ್ಟವಾಗಿ ಹೇಳಿದಾನೆ! ಕೊಂಡ್ಕೋಬಹುದು! ಬರೋ ಭಾನುವಾರ ಸಹಿ. ಕೈ ಕೊಡಿ ಉಸ್ತಾದ್, ಮುತ್ತಿಡ್ತೀನಿ!"

ಅವನು ಹೋದ ಮೇಲೆ ವಗ್ದಿ ಅಂಗಡಿಯ ನಡುವೆ ತೋಳು ಚಾಚಿ ನಿಂತ. "ನೋಡಿದ್ರಾ ಹಾಜ್? ಜನ ಮೆಚ್ಚಿದ್ರೆ ಮುನ್ನುಡಿ ಯಾವನಿಗೆ ಬೇಕು?"

ಹಿಫ್ನಿ ಕಪಾಟಿನಿಂದ ಈಚೆ ಬಂದ. ಈಗ ಅವನ ಮುಖದಲ್ಲಿ ಏನೋ ಇತ್ತು. ವಗ್ದಿ ಎದುರು ನೋಡಿದ್ದ ಉರಿ ಅಲ್ಲ ಅದು, ಗಾಬರಿ.

"ವಗ್ದಿ, ನಿನ್ನ ಪುಸ್ತಕ ನಾನಿನ್ನೂ ತೆರೆದೇ ಇಲ್ಲ. ನೀನು ನೋಡಿದ ಪ್ರತೀಲಿ ಕೊನೇ ಪುಟದ ಕೆಳಗೆ ಒಂದು ಪದ ಇತ್ತಲ್ಲ?"

"ಇತ್ತು, 'ಆಮೇಲೆ' ಅಂತ. ಯಾರೋ ಗೀಚಿದ್ದು."

"ಗೀಚಿದ್ದಾ?" ಹಿಫ್ನಿಯ ದನಿ ಮೊದಲ ಸಲ ಮೂಗು ಬಿಟ್ಟು ಬಾಯಿಂದ ಬಂತು. "ಲೋ, ಮೊದಲ ವರ್ಷದ ಪಾಠ ಅದು! ಮುಂದಿನ ಹಾಳೆಯ ಮೊದಲ ಪದವನ್ನ ಈ ಹಾಳೆಯ ಕೆಳಗೆ ಬರೀತಿದ್ರು, ಹಾಳೆಗಳು ಅದಲುಬದಲಾಗದೇ ಇರಲಿ ಅಂತ. ಕೊನೇ ಪುಟದ ಕೆಳಗೆ ಪದ ಇದೆ ಅಂದ್ರೆ?"

ವಗ್ದಿಯ ಬಾಯಲ್ಲಿ ಬಸ್ಬೂಸಾ ಮರಳಾಯಿತು. "ಇನ್ನೊಂದು ಹಾಳೆ ಇತ್ತು," ಎಂದ.

"ಇತ್ತು. ಆ ಪ್ರತೀಲಿ ಕಳೆದುಹೋಗಿದೆ. ಅಲೆಕ್ಸಾಂಡ್ರಿಯಾದ ಪ್ರತೀಲಿ ಇದೆ. 'ಆಮೇಲೆ ನಾನು ಈ ಮಾತನ್ನು ಹಿಂತೆಗೆದುಕೊಂಡೆ' ಅಂತ ಶುರುವಾಗುತ್ತೆ ಅದು. ತಾನು ಅನುಮತಿ ಕೊಟ್ಟ ಮನೆಯೊಂದರ ಹುಡುಗಿ ದೊಡ್ಡವಳಾಗಿ ಬಂದು ಕೋರ್ಟಲ್ಲಿ ನಿಂತಳಂತೆ. 'ಬೆಲೆ ಕಟ್ಟಿದವರು ಯಾರು? ಕೊಂಡ ಚಿಕ್ಕಪ್ಪನೇ ತಾನೆ?' ಅಂತ ಕೇಳಿದಳಂತೆ. ಅದಕ್ಕೇ ಖಾಜಿ, ನೋಡಿಕೊಳ್ಳೋನ ಕೈ ತಬ್ಬಲಿಯ ಸೊತ್ತಿನ ಕಡೆ ಚಾಚಲೇಬಾರದು ಅಂತ ಹೊತ್ತಗೆ ಮುಗಿಸಿದಾನೆ."

ಬಯ್ಯೂಮಿ ಚಹಾ ಲೋಟವನ್ನು ಮೆಲ್ಲಗೆ ಕೆಳಗಿಟ್ಟ. "ಅಂದ್ರೆ ಉಸ್ತಾದ್, ಖಾಜಿ ತಪ್ಪು ಅಂತ ಬಿಟ್ಟಿದ್ದನ್ನ ನಾವು ಬಂಗಾರದ ಅಕ್ಷರದಲ್ಲಿ ಮಾರ್ತಾ ಇದೀವಿ?"

ಈ ಸಲ ಹಿನ್ನೆಲೆ ಸಂಗೀತ ಇರಲಿಲ್ಲ. ಗಲ್ಲಿಯಲ್ಲಿ ಗ್ಯಾಸ್ ಸಿಲಿಂಡರಿನವನು ಸ್ಪ್ಯಾನರಿನಿಂದ ಟಣ್ ಟಣ್ ಎನ್ನಿಸುತ್ತಾ ಹೋದ.

ಶೇಖರ ಮುಂದೆ ಇಬ್ಬರೂ ಚಾಪೆಯ ಮೇಲೆ ಕೂತರು. ಕುರ್ಚಿ ಖಾಲಿ ಇತ್ತು. ವಗ್ದಿ ನಡೆದದ್ದನ್ನೆಲ್ಲ ಹೇಳಿದ, ಇಯರ್‌ಫೋನ್ ವಿಷಯವನ್ನೂ. ಜೋಕು ಹೊಡೆಯಲು ಮೂರು ಕಡೆ ಅವಕಾಶವಿತ್ತು, ಒಂದನ್ನೂ ಹೊಡೆಯಲಿಲ್ಲ.

"ಯಾಕೆ ಇಷ್ಟು ಅವಸರ ಮಾಡ್ದೆ?" ಶೇಖರು ಕೇಳಿದರು.

"ನೀವು ಇವನಿಗೆ ಬರೆದು ಕೊಡ್ತೀರಿ ಅಂತ." ವಗ್ದಿ ಚಾಪೆಯ ನೂಲು ಕಿತ್ತ. "ನನಗೆ ಒಂದು ಸಲಾನೂ ಬರೀಲಿಲ್ಲ ನೀವು. ಕುರ್ಚೀನೂ ಇವನಿಗೇ ಕೊಟ್ರಿ."

ಶೇಖರು ಹಿಫ್ನಿಯ ಕಡೆ ತಿರುಗಿದರು. "ಇವನು ಏನು ಓದ್ತಿದೀಯ ಅಂತ ಕೇಳಿದಾಗ ನೀನು ಹೇಳಿದ್ಯಾ?"

ಹಿಫ್ನಿ ಬೆರಳುಗಳನ್ನು ಜುಬ್ಬಕ್ಕೆ ಉಜ್ಜಿದ. "ಇಲ್ಲ ಮೌಲಾನಾ. ಇವನ ಕೈಗೆ ಸಿಕ್ಕಿದ್ರೆ ವಾರದಲ್ಲಿ ಪುಸ್ತಕ ಮಾಡ್ತಾನೆ ಅಂತ ಮುಚ್ಚಿಟ್ಟೆ. ನನ್ನದಾಗೇ ಇರಲಿ ಅಂತ... ಆಸೆ ಇತ್ತು."

"ಹೇಳಿದ್ರೆ ಇವನಿಗೆ ಎರಡನೇ ಪ್ರತಿ ಗೊತ್ತಾಗ್ತಿತ್ತು. ಬರೆಯೋ ಅವಸರ ಒಂದು ರೋಗ. ಬರೆಯದೇ ಇಟ್ಕೊಂಡು ಕೂರೋದು ಇನ್ನೊಂದು. ಅದು ನೋಡೋಕೆ ವಿನಯದ ಥರಾನೇ ಕಾಣತ್ತೆ, ಅದಕ್ಕೇ ನನಗೂ ಗೊತ್ತಾಗ್ಲಿಲ್ಲ." ಮುದುಕರು ಗೋಡೆ ಹಿಡಿದು ಎದ್ದು ಆ ಖಾಲಿ ಕುರ್ಚಿಯಲ್ಲಿ ತಾವೇ ಕೂತರು. "ವಗ್ದಿ, ನಿನ್ನ ಪುಸ್ತಕ ಗಟ್ಟಿಯಾಗಿ ಓದು. ಹಿಫ್ನಿ, ಅಲೆಕ್ಸಾಂಡ್ರಿಯಾದ ಹಾಳೆ ಹಿಡ್ಕೋ."

ಆ ಸಂಜೆಯೂ ಮರುದಿನದ ಸಂಜೆಯೂ ಓದಿದರು. ತಪ್ಪು ಬಂದಲ್ಲೆಲ್ಲ ಹಿಫ್ನಿಯ ಪೆನ್ಸಿಲು ನೆಲಕ್ಕೆ ಟಕ್ ಎನ್ನುತ್ತಿತ್ತು. ಪ್ರತಿ ಟಕ್ಕೂ ವಗ್ದಿಯ ಎದೆಗೇ ಬೀಳುತ್ತಿತ್ತು. ಬಂಗಾರದ ಅಕ್ಷರದ ಪುಸ್ತಕವನ್ನು ಸ್ವಂತ ಬಾಯಿಂದ ಓದಿ, ಸ್ವಂತ ತಪ್ಪನ್ನು ಇನ್ನೊಬ್ಬನ ಪೆನ್ಸಿಲಿನಲ್ಲಿ ಕೇಳುವುದಕ್ಕಿಂತ ವಿಲನ್ ಕೈಯಲ್ಲಿ ಒದೆ ತಿನ್ನುವುದು ಮೇಲು.

ಓದಿ ಮುಗಿದಾಗ ವಗ್ದಿ ಪುಸ್ತಕ ಮುಚ್ಚಿದ. "ಎಲ್ಲ ಪ್ರತೀನೂ ವಾಪಸ್ ತರಿಸ್ತೀನಿ. ನಿಂದು ಅಚ್ಚು ಹಾಕ್ಸು ಹಿಫ್ನಿ. ಮೌಲಾನಾ ಮುನ್ನುಡಿ ಬರೀತಾರೆ." ಈ ಮಾತು ಹೇಳುವಾಗ ನಾಲಿಗೆಯ ಮೇಲೆ ಕೆಂಡ ಇಟ್ಟ ಹಾಗಾಯಿತು, ಆದರೂ ಹೇಳಿದ.

ಹಿಫ್ನಿ ಪೆನ್ಸಿಲಿಗೆ ಊದಿದ. "ಎಲ್ಲ ವಾಪಸ್ ಬರಲ್ಲ. ಮೇಳದಲ್ಲಿ ಕೊಂಡವರು ಎಲ್ಲಿ ಸಿಗ್ತಾರೆ? ಅವರ ಕೈಲಿರೋ ಪುಸ್ತಕಾನೇ ಸರಿಹೋಗಬೇಕು. ಕಳೆದ ಹಾಳೆ ಒಂದು ಪುಟ, ತಪ್ಪುಗಳು ಒಂದು ಪುಟ. ಎರಡು ಪುಟ ಅಚ್ಚು ಹಾಕ್ಸಿ ಇದರೊಳಗೆ ಅಂಟಿಸೋಣ. ಕೊಂಡವರಿಗೂ ಗಲ್ಲಿಯ ಅಂಗಡಿಗಳಿಂದ ಬಿಟ್ಟಿ ಕೊಡೋಣ."

"ನಿನ್ನ ಪುಸ್ತಕ?"

"ಎರಡು ಪುಟದಲ್ಲಿ ಆಗೋ ಕೆಲಸಕ್ಕೆ ಇನ್ನೊಂದು ಪುಸ್ತಕ ಯಾಕೆ?"

"ಹುಚ್ಚಾ ನಿನಗೆ? ಎಷ್ಟು ವರ್ಷ ಊದಿದೀಯ ಆ ಪೆನ್ಸಿಲ್ನ!"

"ಊದಿದೀನಿ," ಎಂದ ಹಿಫ್ನಿ. ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡ.

ಶೇಖರು ಜೇಬು ತಡಕಿ ಪೆನ್ನು ತೆಗೆದರು. ಕಾಗದವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಐದು ಸಾಲು ಬರೆದರು. ಬರೆದು ಗಟ್ಟಿಯಾಗಿ ಓದಿದರು:

"ಅಲ್ಲಾಹನ ಹೆಸರಿನಿಂದ. ತಪ್ಪನ್ನು ತಿದ್ದುವುದು ಏಳನೆಯ ಕಾರಣ, ಈ ಎರಡು ಪುಟ ಅದಕ್ಕಾಗಿ. ಹಿಫ್ನಿ ಒಂದು ಪುಸ್ತಕ ಬರೆಯಬಹುದಾಗಿದ್ದಲ್ಲಿ ಇಷ್ಟೇ ಬರೆದಿದ್ದಾನೆ, ಬೇಕಾಗಿದ್ದದ್ದೂ ಇಷ್ಟೇ. ಓದಿದವನು ವಗ್ದಿ, ಹಿಡಿದು ನೋಡಿದವನು ಹಿಫ್ನಿ, ಕೇಳಿದವನು ನಾನು."

ಐದನೆಯ ಮುನ್ನುಡಿ. ಎರಡು ಪುಟಕ್ಕೆ! ಹದಿಮೂರು ಪುಸ್ತಕದ ಧಣಿ ಚಾಪೆಯ ಮೇಲೆ ಕೂತು ಆ ಕಾಗದದ ಚೂರನ್ನು ನೋಡಿದ. ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದುಂಟು, ಕುರ್ಚಿಯ ಮೇಲೂ ಪಟ್ಟದ್ದಾಯಿತು, ಈಗ ಕಾಗದದ ಚೂರಿನ ಮೇಲೆ.

ಆ ಎರಡು ಪುಟ ಅಚ್ಚಾದ ಕೂಡಲೇ ಮೊದಲ ಚೂರನ್ನು ಹಿಡಿದು ವಗ್ದಿ ಶನಿವಾರವೇ ಶುಬ್ರಾದ ಪರದೆ ಅಂಗಡಿಗೆ ಓಡಿದ. ಅಶ್ಮಾವಿ ಓದಿದ, ಮೀಸೆ ನಡುಗಿತು.

"ಹೋದ ವಾರ ಸರಿ, ಈ ವಾರ ತಪ್ಪಾ? ಇದೇನು ರಮದಾನಿನ ಧಾರಾವಾಹೀನಾ ಉಸ್ತಾದ್, ಕಂತಿಗೊಂದು ತಿರುವು ಕೊಡೋಕೆ? ನನ್ನ ಬಸ್ಬೂಸಾ ತಿಂದ್ರಲ್ಲ!"

"ತಿಂದೆ. ತಪ್ಪು ನಂದು, ಖಾಜಿದಲ್ಲ. ಸಹಿ ಹಾಕ್ಬೇಡಿ."

ಪರದೆಗಳ ಹಿಂದಿನಿಂದ ಅಶ್ಮಾವಿಯ ಹೆಂಡತಿಯ ದನಿ ಬಂತು. "ನಾನು ಹೇಳ್ಲಿಲ್ವಾ? ಮೂರು ಶೇಖ್‌ಗಳು ಹೇಳ್ಲಿಲ್ವಾ? ಮನೆ ಆ ಹುಡುಗೀದು, ಅವಳ ಹೆಸರಲ್ಲೇ ಬಿದ್ದಿರ್ಲಿ!" ಅಶ್ಮಾವಿ ಒಮ್ಮೆ ಪರದೆಯ ಕಡೆ, ಒಮ್ಮೆ ವಗ್ದಿಯ ಕಡೆ ನೋಡಿದ. ಚೂರನ್ನು ಮಡಿಸಿ ಜೇಬಿಗಿಟ್ಟುಕೊಂಡ. "ಹೋಗ್ರೀ ಅತ್ಲಾಗೆ," ಎಂದ. ಆ ಮನೆಯಲ್ಲಿ ಕೊನೆಯ ಮಾತು ಯಾರದ್ದು ಎಂದು ವಗ್ದಿಗೆ ಅರ್ಥವಾಯಿತು. ಪುಸ್ತಕದ ಗಲ್ಲಿಗೆ ವಾಪಸ್ ಬಂದ.

ಬಯ್ಯೂಮಿಯ ಅಂಗಡಿಯಲ್ಲಿ ಗೋಂದಿನ ಡಬ್ಬಿ ತೆರೆದು, ಉಳಿದ ಪ್ರತಿಗಳಿಗೆ ಚೂರುಗಳನ್ನು ಅಂಟಿಸತೊಡಗಿದ. ಬಯ್ಯೂಮಿ ಬಗ್ಗಿ ನೋಡಿದ.

"ಉಸ್ತಾದ್, ತಿದ್ದುಪಡಿ ಹಿಂದೆ ಅಂಟಿಸೋದು. ನೀನು ಮುಂದೆ ಅಂಟಿಸ್ತಿದೀಯ, ನಿನ್ನ ಹೆಸರಿಗಿಂತಾನೂ ಮುಂದೆ."

"ಓದೋರಿಗೆ ಮೊದಲೇ ಕಾಣ್ಬೇಕಲ್ಲ ಹಾಜ್. ಹಿಂದಿನ ಪುಟ ಯಾರು ನೋಡ್ತಾರೆ? ನಾನೇ ನೋಡ್ಲಿಲ್ಲ."

ಅದು ನಿಜ. ಆದರೆ ಪೂರ್ತಿ ನಿಜವಲ್ಲ. ರಟ್ಟು ತೆರೆದ ಕೂಡಲೇ ಮೊದಲು ಕಾಣುವುದು ಶೇಖರ ಐದು ಸಾಲು. ಅಂತೂ ಇಂತೂ ವಗ್ದಿಯ ಪುಸ್ತಕದಲ್ಲಿ ಶೇಖ್ ಅಬ್ದುಲ್ ಮೌಗೂದರ ಮುನ್ನುಡಿ ಬಂದಿತ್ತು. ಅದೂ ಕೊನೆಯ ಸಾಲಿನಲ್ಲಿ ಹಿಫ್ನಿಗಿಂತ ಮೊದಲು ವಗ್ದಿಯ ಹೆಸರು. ಅವನು ಒಂದೊಂದು ಪ್ರತಿ ಅಂಟಿಸಿದಾಗಲೂ ಆ ಸಾಲನ್ನು ಒಮ್ಮೆ ಓದುತ್ತಿದ್ದ. ಕೆಲಸ ಅದಕ್ಕೇ ನಿಧಾನವಾಗುತ್ತಿತ್ತು.

ಹಿಫ್ನಿ ಉಪ್ಪಿನಕಾಯಿ ಪೊಟ್ಟಣ ಹಿಡಿದು ಬಂದು ಎದುರಿನ ಸ್ಟೂಲಿನ ಮೇಲೆ ಕೂತ. ಒಂದು ಪ್ರತಿ ತೆರೆದ. ಚೂರು ಎಲ್ಲಿದೆ ಎಂದು ನೋಡಿದ. ಮುನ್ನುಡಿಯ ಕೊನೆಯ ಸಾಲನ್ನೂ ಓದಿದ.

ವಗ್ದಿ ಗೋಂದಿನ ಕಡ್ಡಿ ಕೆಳಗಿಟ್ಟ. "ನಿಜ ಹೇಳು. ಹೊಟ್ಟೆ ಉರೀತಾ?"

"ಇಲ್ಲ," ಎಂದ ಹಿಫ್ನಿ. ಪುಸ್ತಕ ಮುಚ್ಚಿದ. ಮತ್ತೆ ತೆರೆದ. "ಸ್ವಲ್ಪ."

ವಗ್ದಿಯ ಮುಖ ಅರಳಿತು. ಎಷ್ಟೋ ವರ್ಷದ ಮೇಲೆ ಈ ಮನುಷ್ಯ ಅವನಿಗೆ ಇಷ್ಟವಾದ. ಹಿಫ್ನಿ ಕೂತಿದ್ದ ಸ್ಟೂಲನ್ನು ಕಾಲಿನಿಂದ ಹತ್ತಿರ ಎಳೆದ. ಪೊಟ್ಟಣಕ್ಕೆ ಕೈ ಹಾಕಿ ದೊಡ್ಡದೊಂದು ಟರ್ನಿಪ್ ಚೂರು ಬಾಯಿಗೆಸೆದುಕೊಂಡ.

"ಕೈ ಒರೆಸ್ಕೊಂಡು ಅಂಟಿಸೋ," ಎಂದು ಗೋಂದಿನ ಡಬ್ಬಿಯನ್ನು ಹಿಫ್ನಿಯ ಕಡೆ ತಳ್ಳಿದ. "ಮುನ್ನುಡಿ ಮೇಲೆ ಗುಲಾಬಿ ಬಣ್ಣ ಆದ್ರೆ ಮೌಲಾನಾ ಇಬ್ಬರನ್ನೂ ಬಿಡಲ್ಲ."